ರವಿವರ್ಮ ಒಂಟಿಯಲ್ಲ

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಂತು, ‘ರವಿವರ್ಮ ಅಂದ್ರೆ ರವಿವರ್ಮನೇ’ ಎಂದು ತಲೆದೂಗುವುದುಂಟು. ಆ ಚಿತ್ರ ಅವನದಲ್ಲ. ಸಾವಂತವಾಡಿ ಮೂಲದ ಎಸ್.ಎಲ್. ಹಳದಣಕರ ಅದನ್ನು ಬರೆದದ್ದು 1940ರ ದಶಕದಲ್ಲಿ, ಅದೂ ಜಲವರ್ಣದಲ್ಲಿ. ರವಿವರ್ಮ 1906ರಲ್ಲೇ ತೀರಿಕೊಂಡಿದ್ದ. ಮಹಾಪ್ರತಿಭೆಯ ಪಟ್ಟ ಒಬ್ಬನಿಗೆ ಕಟ್ಟಿದೆವೆಂದರೆ ಉಳಿದವರ ಕೆಲಸವೂ ಅವನ ಲೆಕ್ಕಕ್ಕೇ ಜಮೆಯಾಗುತ್ತದೆ.

1848ರಲ್ಲಿ ಕಿಳಿಮಾನೂರಿನಲ್ಲಿ ಹುಟ್ಟಿದ ಈ ಕಲಾವಿದನನ್ನು ಭಕ್ತರು ಯಾರ ಹಂಗೂ ಇಲ್ಲದೆ ಅರಳಿದ ದೈವದತ್ತ ಪ್ರತಿಭೆ ಎಂದರು. ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾರಂಥ ವಿಮರ್ಶಕರು ಪಶ್ಚಿಮದ ಅನುಕರಣೆ ಎಂದು ಪಕ್ಕಕ್ಕಿಟ್ಟರು. ನಮ್ಮ ಚಿತ್ರಕಾರ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತದ್ದೂ ರವಿವರ್ಮನ ದಾರಿ ಒಪ್ಪದ ಪಂಥದಲ್ಲೇ. ಹೊಗಳಿದವರೂ ತೆಗಳಿದವರೂ ಒಂದು ಮಾತಿಗೆ ಒಪ್ಪಿದ್ದರು: ದೊಡ್ಡ ಕಲಾವಿದ ಇನ್ನೊಬ್ಬರಿಂದ ಪಡೆಯಬಾರದು.

ರವಿವರ್ಮ ಧಾರಾಳವಾಗಿ ಪಡೆದ. ಕಲಿಸಲೊಲ್ಲದ ಯುರೋಪಿನ ಚಿತ್ರಕಾರ ಥಿಯೋಡರ್ ಜೆನ್ಸನ್ ಬರೆಯುವುದನ್ನು ತಿರುವನಂತಪುರದ ಅರಮನೆಯಲ್ಲಿ ನೋಡಿ ನೋಡಿಯೇ ತೈಲವರ್ಣದ ಮರ್ಮ ಹಿಡಿದ. ತಮ್ಮ ರಾಜರಾಜವರ್ಮ ಜೊತೆಗೆ ಕುಂಚ ಹಿಡಿದ. 1894ರಲ್ಲಿ ಮುಂಬೈಯಲ್ಲಿ ಅವನ ಚಿತ್ರಗಳ ಕಲ್ಲಚ್ಚುಕೂಟ ಶುರುವಾದಾಗ ಜರ್ಮನ್ ಕುಶಲಕರ್ಮಿಗಳು ಬಂದರು. ಬಣ್ಣಕ್ಕೊಂದು ಕಲ್ಲು, ಒಂದರ ಮೇಲೊಂದು ಒತ್ತು. ಒಂದು ಒತ್ತು ಕೂದಲೆಳೆ ಸರಿದರೂ ದೇವಿಯ ಮುಖ ಕೆಟ್ಟಿತು. ಆ ಕಲ್ಲುಗಳ ಮೇಲೆ ದುಡಿದವರ ಹೆಸರು ನಮ್ಮ ನಾಲಿಗೆಗೆ ಬರಲೇ ಇಲ್ಲ.

ಇಷ್ಟು ಜನರ ಕೈ ಇದ್ದ ಮೇಲೆ ಅವನ ಪ್ರತಿಭೆ ಯಾವುದು? ಆಯ್ಕೆ. ಮುಳ್ಳು ತೆಗೆಯುವ ನೆಪದಲ್ಲಿ ತಿರುಗಿ ನೋಡುವ ಶಕುಂತಲೆಯನ್ನೇ ಗಮನಿಸಿ. ದುಷ್ಯಂತ ಚೌಕಟ್ಟಿನೊಳಗೆ ಇಲ್ಲವೇ ಇಲ್ಲ. ಕುತ್ತಿಗೆಯ ಆ ಒಂದು ತಿರುವಿನಲ್ಲೇ ಅವನಿದ್ದಾನೆ. ಎಲ್ಲ ಚಿತ್ರಗಳೂ ಹೀಗಿಲ್ಲ. ಕೆಲವು ಪುರಾಣ ದೃಶ್ಯಗಳಲ್ಲಿ ಪಾತ್ರಗಳು ಕಂಪನಿ ನಾಟಕದ ಪರದೆ ಮುಂದೆ ನಿಂತಂತೆ ಸೆಟೆದುಕೊಂಡಿವೆ.

ಲಕ್ಷ್ಮಿ, ಸರಸ್ವತಿಗೆ ಅವನು ಸೀರೆ ಉಡಿಸಿದ್ದೂ ಅಂಥದೇ ಆಯ್ಕೆ. ಅದರ ಫಲ ಕಾಣಬೇಕಾದರೆ ಮಹಾರಾಷ್ಟ್ರದ ಗಡಿಸೀಮೆಯ ಲೋಹಾರಾ, ಉಮರ್ಗಾ, ನಿಲಂಗಾ ಕಡೆಯ ಮನೆಗಳ ದೇವರ ಜಗಲಿ ನೋಡಬೇಕು. ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ತಾವರೆಯ ಮೇಲೆ ನಿಂತ ಲಕ್ಷ್ಮಿಯ ಮುಖದಲ್ಲಿ ಅವನ ಛಾಯೆ ಇದ್ದೇ ಇರುತ್ತದೆ.

ಈ ಸೀಮೆಗೆ ಹತ್ತಿರದ ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಅವರಿಗೂ ರವಿವರ್ಮನಂತೆ ಪಕ್ಕಕ್ಕಿಡಿಸಿಕೊಂಡ ಗತಿಯೇ. ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದವರೆಂದು ಕಲಾವಿಮರ್ಶೆ ಅವರನ್ನು ಹೊರಜಗಲಿಯಲ್ಲೇ ಕೂರಿಸಿತು. ಚಿತ್ರವೊಂದು ಸಾವಿರ ಮನೆ ಸೇರಿತೆಂಬುದು ಅದರ ಗುಣಕ್ಕೆ ಸಾಕ್ಷಿಯಲ್ಲ, ದೋಷಕ್ಕಂತೂ ಅಲ್ಲವೇ ಅಲ್ಲ. ರೇಖೆ, ಬೆಳಕು, ನಿಲುವು ನೋಡಿ ತೂಗಬೇಕು. ರವಿವರ್ಮನಿಗೆ ಆ ತಕ್ಕಡಿ ತಡವಾಗಿಯಾದರೂ ಸಿಕ್ಕಿತು. ಪಂಡಿತರ ಸರದಿ ಇನ್ನೂ ಬಾಕಿಯಿದೆ.