ಕಾಲಯಾನ ಮತ್ತು ವಂಶಸ್ಮೃತಿ: ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’

ಜನಪದ ಕಥೆಗಳಲ್ಲಿ ಕಾಲವು ಎಲ್ಲ ಲೋಕಗಳಲ್ಲಿಯೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಸ್ಟಿತ್ ಥಾಂಪ್ಸನ್ ಅವರ ಆಶಯ ಸೂಚಿಯಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಆಶಯಗಳು ಒಂದರ ಪಕ್ಕದಲ್ಲೊಂದು ಇವೆ: ವರ್ಷಗಳು ದಿನಗಳಂತೆ ತೋರುವುದು (ಡಿ 2011), ಕ್ಷಣಗಳು ವರ್ಷಗಳಂತೆ ತೋರುವುದು (ಡಿ 2012). ಮಗಳು ರೇವತಿಯೊಡನೆ ಬ್ರಹ್ಮಲೋಕಕ್ಕೆ ಹೋಗಿ ಮರಳುವಷ್ಟರಲ್ಲಿ ಭೂಮಿಯ ಯುಗಗಳೇ ಕಳೆದುಹೋದ ಭಾಗವತದ ಕಕುದ್ಮಿಯ ಕಥೆ ಮೊದಲನೆಯದಕ್ಕೆ ನಿದರ್ಶನ. ನೀರು ತರಲು ಹೋದ ನಾರದನು ಒಂದು ಇಡೀ ಸಂಸಾರವನ್ನು ಬಾಳಿ ಬಂದ ಕಥೆ ಎರಡನೆಯದಕ್ಕೆ ಸೇರುತ್ತದೆ.

ಅಮೆರಿಕದ ಲೇಖಕಿ ಆಕ್ಟೇವಿಯಾ ಬಟ್ಲರ್ (1947–2006) ಅವರ ‘ಕಿಂಡ್ರೆಡ್’ (1979) ಈ ಎರಡನೆಯ ಆಶಯದ ಆಧುನಿಕ ರೂಪ. ವೈಜ್ಞಾನಿಕ ಕಾದಂಬರಿಗಳ ಸಾಲಿನಲ್ಲಿ ಇಡಲಾಗುವುದರಿಂದ ಜಾನಪದ ಅಧ್ಯಯನಕಾರರ ಕಣ್ಣಿಗೆ ಇದು ಸುಲಭವಾಗಿ ಬೀಳುವುದಿಲ್ಲ. ಎಚ್. ಜಿ. ವೆಲ್ಸ್ ಅವರ ‘ದಿ ಟೈಮ್ ಮೆಷಿನ್’ನಲ್ಲಿ (1895) ಕಾಲಯಾನಕ್ಕೆ ಯಂತ್ರವಿದೆ. ಇಲ್ಲಿ ಯಂತ್ರವೂ ಇಲ್ಲ, ವಿವರಣೆಯೂ ಇಲ್ಲ. ರಕ್ತಸಂಬಂಧವೇ ಇಲ್ಲಿನ ವಾಹನ.

1976ರ ಲಾಸ್ ಏಂಜಲೀಸ್‌ನಲ್ಲಿ ಬಿಳಿಯ ಪತಿಯೊಡನೆ ವಾಸಿಸುವ ಕಪ್ಪು ಲೇಖಕಿ ಡೇನಾ, ತನ್ನ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನ, ಹತ್ತೊಂಬತ್ತನೆಯ ಶತಮಾನದ ಆರಂಭದ ಮೇರಿಲ್ಯಾಂಡ್‌ಗೆ ಸೆಳೆಯಲ್ಪಡುತ್ತಾಳೆ. ಗುಲಾಮರ ಒಡೆಯನ ಮಗ ರೂಫಸ್ ವೇಲಿನ್‌ನ ಜೀವಕ್ಕೆ ಅಪಾಯ ಬಂದಾಗಲೆಲ್ಲ ಅವಳು ಅಲ್ಲಿಗೆ ಹೋಗುತ್ತಾಳೆ. ತನ್ನ ಜೀವಕ್ಕೇ ಕುತ್ತು ಬಂದಾಗ ಮರಳುತ್ತಾಳೆ. ಹೊಳೆ, ಬೆಂಕಿ, ಬೀಳುವಿಕೆ, ಹೊಡೆದಾಟ, ಬಿರುಗಾಳಿ, ಹಗ್ಗ ಎಂಬ ಆರು ಅಧ್ಯಾಯಗಳ ಹೆಸರುಗಳೇ ಜನಪದ ಕಥೆಯ ಪರೀಕ್ಷೆಗಳ ಸರಣಿಯನ್ನು ನೆನಪಿಸುತ್ತವೆ. ಇಲ್ಲಿ ಎಂಟು ದಿನ ಕಳೆದರೆ, ಅಲ್ಲಿ ಸಿಕ್ಕಿಕೊಂಡ ಪತಿಗೆ ಐದು ವರ್ಷ ಸಂದಿರುತ್ತದೆ.

ರೂಫಸ್ ಡೇನಾಳ ಪೂರ್ವಜನೆಂಬುದೇ ಕಾದಂಬರಿಯ ಗಂಟು. ಮನೆತನದ ಬೈಬಲ್‌ನಲ್ಲಿ ಹೇಗರ್ ಎಂಬ ಅಜ್ಜಿ ತನ್ನ ತಂದೆತಾಯಿಯರ ಹೆಸರನ್ನು ಬರೆದಿಟ್ಟಿದ್ದಳು. ಆದರೆ ಆ ತಂದೆ ಬಿಳಿಯನೆಂಬ ಸಂಗತಿಯನ್ನು ಮನೆಯವರ ಬಾಯಿಮಾತು ಮುಂದಿನ ತಲೆಮಾರಿಗೆ ದಾಟಿಸಿರಲಿಲ್ಲ. ಸ್ವತಂತ್ರಳಾಗಿ ಹುಟ್ಟಿ, ಗುಲಾಮಳಾಗಿ ಮಾಡಲ್ಪಟ್ಟ ಆಲಿಸ್‌ಳ ಮೇಲೆ ರೂಫಸ್ ನಡೆಸುವ ಬಲಾತ್ಕಾರದಿಂದ ಹೇಗರ್ ಹುಟ್ಟಬೇಕು. ಹಾಗಾದರೆ ಮಾತ್ರ ಡೇನಾಳ ಇರುವು ಸಾಧ್ಯ. ತನ್ನ ಹುಟ್ಟಿಗಾಗಿ ಇನ್ನೊಬ್ಬಳ ಯಾತನೆಯನ್ನು ಸಹಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಕೃತಿಯು ಸುಲಭದ ಸಮಾಧಾನವನ್ನು ಒದಗಿಸುವುದಿಲ್ಲ.

ನಾರದನ ಕಥೆಯಿಂದ ‘ಕಿಂಡ್ರೆಡ್’ ಬೇರೆಯಾಗುವುದು ಇಲ್ಲಿಯೇ. ನಾರದನು ಬಾಳಿದ ಬಾಳು ಮಾಯೆ. ಎಚ್ಚೆತ್ತಾಗ ಅದರ ಗುರುತು ಮೈಮೇಲೆ ಉಳಿದಿರುವುದಿಲ್ಲ. ಡೇನಾಳ ಬೆನ್ನಿನ ಮೇಲೆ ಚಾಟಿಯ ಬರೆಗಳು ಉಳಿಯುತ್ತವೆ. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ದಿನವಾದ 1976ರ ಜುಲೈ 4ರಂದು ಅವಳು ಕೊನೆಯ ಬಾರಿ ಮರಳುವಾಗ ಎಡಗೈಯನ್ನೇ ಕಳೆದುಕೊಳ್ಳುತ್ತಾಳೆ. ಗತಕಾಲವು ಮಾಯೆಯಲ್ಲವೆಂಬುದಕ್ಕೆ ದೇಹವೇ ಸಾಕ್ಷಿಯಾಗುತ್ತದೆ.

ಉಪಸಂಹಾರವು ಸಂಶೋಧಕರಿಗೆ ವಿಶೇಷವಾಗಿ ಗಮನಾರ್ಹ. ದಂಪತಿಗಳು ಮೇರಿಲ್ಯಾಂಡ್‌ಗೆ ಹೋಗಿ ಹಳೆಯ ಪತ್ರಿಕೆಗಳನ್ನು ಹುಡುಕಿದಾಗ ದೊರೆಯುವುದು ಗುಲಾಮರ ಮಾರಾಟದ ಪ್ರಕಟಣೆ. ತನ್ನ ಮೂವರು ಮಕ್ಕಳನ್ನು ಒಡೆಯರು ಮಾರಿಬಿಟ್ಟಿದ್ದ ಅಡುಗೆಯ ಸಾರಾಳ ಹೆಸರು ಅದರಲ್ಲಿದೆ. ಹೇಗರ್‌ಳ ಹೆಸರು ಇಲ್ಲ. ಲಿಖಿತ ದಾಖಲೆ ಮನುಷ್ಯರನ್ನು ಸರಕಾಗಿ ಎಣಿಸುತ್ತದೆ. ಮೌಖಿಕ ಸ್ಮೃತಿ ನೋವಿನ ಭಾಗವನ್ನು ಮರೆಮಾಡುತ್ತದೆ. ಇವೆರಡರ ನಡುವಿನ ಬಿರುಕನ್ನು ಬಟ್ಲರ್ ಕಲ್ಪನೆಯಿಂದ ತುಂಬಿದ್ದಾರೆ.

ಗುಲಾಮರ ಹಾಡು, ಕಥೆ, ನಂಬಿಕೆಗಳ ಲೋಕಕ್ಕೆ ಕೃತಿಯಲ್ಲಿ ದೊರೆತಿರುವ ಅವಕಾಶ ಕಡಿಮೆ ಎಂಬುದು ಒಂದು ಕೊರತೆ. ನಿರೂಪಕಿ ಹೊರಗಿನಿಂದ ಬಂದವಳಾದ್ದರಿಂದ ಇದು ಸಹಜವೆಂದರೂ, ಆ ಸಮುದಾಯದ ಒಳಬಾಳಿನ ಸಮೃದ್ಧಿ ಪೂರ್ಣವಾಗಿ ಮೂಡುವುದಿಲ್ಲ. ಆದಕಾರಣ 1936–38ರಲ್ಲಿ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಮಾಜಿ ಗುಲಾಮರಿಂದ ಸಂಗ್ರಹಿಸಿದ 2,300ಕ್ಕೂ ಹೆಚ್ಚಿನ ನಿರೂಪಣೆಗಳೊಡನೆ ಇದನ್ನು ಜೋಡಿಸಿ ಓದುವುದು ಉಚಿತ.

ಗ್ರಂಥಾಲಯಗಳು ಈ ಕೃತಿಯನ್ನು ವೈಜ್ಞಾನಿಕ ಕಥಾಸಾಹಿತ್ಯದ ಜೊತೆಗೆ ಮೌಖಿಕ ಇತಿಹಾಸದ ಓದಿನ ಪಟ್ಟಿಯಲ್ಲಿಯೂ ಸೇರಿಸಬೇಕು. ಮನೆಮನೆಗೆ ಹೋಗಿ ವಂಶಾವಳಿ ಹೇಳುವ ನಮ್ಮ ಹೆಳವರ ಪರಂಪರೆಯನ್ನು ಅಧ್ಯಯನ ಮಾಡುವವರಿಗೂ ಇದು ಉಪಯುಕ್ತ. ವಂಶಾವಳಿ ಉಳಿಸಿಕೊಂಡ ಹೆಸರುಗಳ ಜೊತೆಗೆ ಅದು ಹೇಳದೆ ಬಿಟ್ಟುದನ್ನೂ ಕೇಳಿಸಿಕೊಳ್ಳಬೇಕೆಂಬ ಎಚ್ಚರವನ್ನು ಈ ಕಾದಂಬರಿ ಕಲಿಸುತ್ತದೆ.