ನೆರಳಿಲ್ಲದ ಊರು

2022ರಲ್ಲಿ ಎಲ್.ಎಸ್. ಲೌರಿಯ ‘ಗೋಯಿಂಗ್ ಟು ದಿ ಮ್ಯಾಚ್’ 78 ಲಕ್ಷ ಪೌಂಡಿಗೆ ಹರಾಜಾದಾಗ ಹಳೆಯ ಹೊಗಳಿಕೆಗೆ ಮತ್ತೆ ಜೀವ ಬಂತು: ಮ್ಯಾಂಚೆಸ್ಟರ್, ಸಾಲ್ಫರ್ಡ್‌ಗಳ ಗಿರಣಿ ಬದುಕಿನ ಏಳುಬೀಳನ್ನು ಎಣ್ಣೆಬಣ್ಣದಲ್ಲಿ ದಾಖಲಿಸಿದವ ಈತ. ಬಾಡಿಗೆ ವಸೂಲಿಗೆ ಬೀದಿ ಬೀದಿ ಸುತ್ತಿದವನ ಸಾಕ್ಷ್ಯ ತಾನೇ? ಆ ಸಾಕ್ಷ್ಯದ ಮೇಲೇ ನನಗೆ ಅನುಮಾನ.

ಅವನ ಬಿಳಿಯನ್ನು ನೋಡಿ. ಪ್ಯಾಲೆಟ್‌ನಲ್ಲಿದ್ದದ್ದು ಐದೇ ಬಣ್ಣ: ಫ್ಲೇಕ್ ವೈಟ್, ಐವರಿ ಬ್ಲ್ಯಾಕ್, ವರ್ಮಿಲಿಯನ್, ಪ್ರಷ್ಯನ್ ಬ್ಲೂ, ಯೆಲ್ಲೊ ಓಕರ್. ಮೊದಲ ಚಿತ್ರಗಳು ತೀರಾ ಕಪ್ಪಿಟ್ಟಿವೆ ಎಂದು ವಿಮರ್ಶಕ ಬರ್ನಾರ್ಡ್ ಟೇಲರ್ ಆಕ್ಷೇಪಿಸಿದ ಮೇಲೆ ಲೌರಿ ಮೊದಲು ಬಿಳಿ ಬಳಿದು ಅದರ ಮೇಲೆ ಚಿತ್ರ ಬರೆಯತೊಡಗಿದ. ಜನ ಎದ್ದು ಕಂಡರು, ನೆರಳು ಹೋಯಿತು. ನೆಲಕ್ಕೂ ಆಕಾಶಕ್ಕೂ ಒಂದೇ ಸುಣ್ಣ ಬಳಿದಂತೆ. ಬೆಳಗೋ ಸಂಜೆಯೋ, ಮಳೆ ಬರುತ್ತದೋ ಬಿಟ್ಟಿದೆಯೋ, ಒಂದೂ ತಿಳಿಯದು. ಅವನ ಗುರು ಅಡಾಲ್ಫ್ ವ್ಯಾಲೆಟ್‌ನ ‘ಆಲ್ಬರ್ಟ್ ಸ್ಕ್ವೇರ್’ (1910) ಎದುರು ನಿಂತರೆ ಮ್ಯಾಂಚೆಸ್ಟರಿನ ಹೊಗೆಮಂಜು ಗಂಟಲಿಗಿಳಿಯುತ್ತದೆ. ಶಿಷ್ಯ ಆ ಹವೆಯನ್ನೇ ಹೊರಗಟ್ಟಿದ. ಹೊತ್ತೇ ಇಲ್ಲದ ಚಿತ್ರ ಬದಲಾವಣೆಯನ್ನು ಹಿಡಿಯುವುದಾದರೂ ಹೇಗೆ?

2013ರಲ್ಲಿ ಟೇಟ್ ಬ್ರಿಟನ್‌ನ ಪ್ರದರ್ಶನವನ್ನು ರೂಪಿಸಿದ ಟಿ.ಜೆ. ಕ್ಲಾರ್ಕ್ ಮತ್ತು ಆನ್ ವ್ಯಾಗ್ನರ್ ಅವನನ್ನು ಆಧುನಿಕ ಬದುಕಿನ ಫ್ರೆಂಚ್ ಚಿತ್ರಕಾರರ ಪಂಕ್ತಿಯಲ್ಲಿ ಕೂರಿಸಿದರು. ಇಬ್ಬರೂ ದೊಡ್ಡ ವಿದ್ವಾಂಸರು, ಸರಿ. ಆದರೆ 1897ರಲ್ಲಿ ಪಿಸಾರೊ ಹೋಟೆಲಿನ ಕಿಟಕಿಯಿಂದ ಮೊಂಮಾರ್ತ್ರ್ ರಸ್ತೆಯನ್ನು ಹಗಲಿನಲ್ಲೊಮ್ಮೆ, ದೀಪ ಹತ್ತಿದ ರಾತ್ರಿಯಲ್ಲೊಮ್ಮೆ ಬರೆದನಲ್ಲ, ಆ ಚಪಲ ಲೌರಿಗೆ ಎಲ್ಲಿತ್ತು? ಪಂಕ್ತಿ ಸಿಕ್ಕಿತು, ಎಲೆಯ ಮೇಲೆ ಬಡಿಸಿದ್ದು ಬೇರೆಯವರ ಊಟ.

ಟೇಟ್‌ನಲ್ಲಿರುವ ‘ಇಂಡಸ್ಟ್ರಿಯಲ್ ಲ್ಯಾಂಡ್‌ಸ್ಕೇಪ್’ 1955ರದು. 1958ರ ಹೊತ್ತಿಗೆ ಬ್ರಿಟನ್ ರಫ್ತಿಗಿಂತ ಹೆಚ್ಚು ಹತ್ತಿಬಟ್ಟೆ ಆಮದು ಮಾಡಿಕೊಳ್ಳುತ್ತಿತ್ತು, ಅದರಲ್ಲಿ ನಮ್ಮ ದೇಶದ ಬಟ್ಟೆಯೂ ಇತ್ತು. ಮರುವರ್ಷದ ಕಾಯ್ದೆ ಹಳೆಯ ಮಗ್ಗ, ಕದಿರುಗಳನ್ನು ಗುಜರಿಗೆ ಹಾಕಿದವರಿಗೆ ಹಣ ಕೊಟ್ಟಿತು. ಚಿತ್ರದ ಚಿಮಣಿಗಳಿಗೆ ಇದರ ಸುಳಿವೂ ಇಲ್ಲ, ಹೊಗೆ ಬಿಡುತ್ತಲೇ ಇವೆ. ಕಲ್ಪಿಸಿದ ಊರು ಅದು, ತಪ್ಪೇನಲ್ಲ. ದಾಖಲೆ ಎನ್ನಬೇಡಿ, ಅಷ್ಟೆ.

ಮೆಚ್ಚಲೇಬೇಕಾದದ್ದು ‘ಆ್ಯನ್ ಐಲ್ಯಾಂಡ್’ (1942). ಪಾಳು ಬಿದ್ದ ಒಂಟಿ ಮನೆ, ಊರಿನ ಸಂಬಂಧ ಕಡಿದು ನಿಂತಿದೆ. ಇಲ್ಲಿ ಹೊತ್ತು ಗೊತ್ತಾಗದಿರುವುದೇ ಸರಿ, ಏಕೆಂದರೆ ಕೆಲಸಕ್ಕೆ ಹೊರಡುವವರು ಯಾರೂ ಉಳಿದಿಲ್ಲ. ಅದೇ ಬಿಳಿ, ಅದೇ ಕೈ. ಆದರೆ ಮುದ್ದಾದ ಕಡ್ಡಿಗೊಂಬೆ ಜನರಿಲ್ಲದ ಈ ಚಿತ್ರಕ್ಕೆ ಹರಾಜಿನ ಗದ್ದಲವಿಲ್ಲ. ದಾಖಲೆಕಾರ ಲೌರಿಯೇ ಬೇಕೆನ್ನುವವರು ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿಯಲ್ಲಿರುವ ಇದರಿಂದ ಶುರುಮಾಡಲಿ.