ಸಿಂಕ್ ಆಗದ ತತ್ವಪದ

“ಹಾಡ ಎಲ್ಲಾ ಅದಾವ ಮುತ್ಯಾ, ನಿಮ್ಮ ಡಬ್ಬೀನೇ ಓದವಲ್ದು.” ಜೇವರ್ಗಿ, ಅಫಜಲಪುರ, ಆಳಂದ, ಯಾವ ಪೇಟೆಯ ಮೊಬೈಲ್ ಅಂಗಡಿಗೆ ಹೋದರೂ ಈ ಧಾಟಿಯ ಮಾತೇ ಕೇಳುತ್ತದೆ. ಡಬ್ಬಿ ಎಂದರೆ ಮೆಮೊರಿ ಕಾರ್ಡು, ಪೆನ್‌ಡ್ರೈವ್ ಎರಡನ್ನೂ ನುಂಗುವ ಅಂಗೈಯಗಲದ ಪ್ಲೇಯರ್. ತೊಗರಿ ಹೊಲದ ಬದುವಿನ ಮೇಲೆ, ಕಬ್ಬಿನ ಟ್ರ್ಯಾಕ್ಟರಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಈಗಲೂ ಅದರದೇ ದರ್ಬಾರು. ಅಂಗಡಿಯ ಹುಡುಗ ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿಸಿ ಕೊಡುತ್ತಾನೆ. ಸಿನಿಮಾ ಹಾಡಾದರೆ ಅಷ್ಟಕ್ಕೇ ಸರಿಹೋಗುತ್ತದೆ. ತತ್ವಪದ, ಭಜನೆಯ ಸಂಗ್ರಹ ಇಟ್ಟುಕೊಂಡವರಿಗೆ ಮಾತ್ರ ಸರಿಹೋಗುವುದಿಲ್ಲ: ಮುನ್ನೂರು ಪದ ಕಳಿಸಿದರೆ ನೂರು ಕಾಣುತ್ತವೆ, ಒಂದರ ಹೆಸರಿನಲ್ಲಿ ಇನ್ನೊಂದು ಹಾಡುತ್ತದೆ, ಕೆಲವಂತೂ ಪತ್ತೆಯೇ ಇಲ್ಲ. ನಾನು ಕಂಡ ಮಟ್ಟಿಗೆ ಇಂಥಲ್ಲಿ ದೋಷ ಯಂತ್ರದಲ್ಲಿರುವುದು ಅಪರೂಪ, ಹೆಸರಿನಲ್ಲಿರುವುದೇ ಹೆಚ್ಚು.

ಕಾರಣ ಹಳೆಯದು. ಐಟ್ಯೂನ್ಸ್ ಬಂದದ್ದು 2001ರ ಜನವರಿಯಲ್ಲಿ, ಐಪಾಡ್ ಅದೇ ವರ್ಷದ ಅಕ್ಟೋಬರ್‌ನಲ್ಲಿ. 2022ರಲ್ಲಿ ಐಪಾಡ್ ನಿಂತುಹೋಯಿತು, ಆದರೆ ಅದು ಊರೂರಿಗೆ ಹಬ್ಬಿಸಿದ ಲೆಕ್ಕಾಚಾರ ನಿಂತಿಲ್ಲ. ಹಾಡಿಗೊಬ್ಬ ಕಲಾವಿದ, ಕಲಾವಿದನಿಗೊಂದು ಆಲ್ಬಂ, ಆಲ್ಬಮ್ಮಿಗೊಂದು ವರ್ಷ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದವನ್ನು ಈ ಕಪಾಟಿನ ಯಾವ ಖಾನೆಯಲ್ಲಿಡಬೇಕು? ಬರೆದವರು ಅವರು. ಹಾಡಿದ್ದು ಯಾವುದೋ ಹಳ್ಳಿಯ ಭಜನಾ ಮಂಡಳಿ. ಕಡಕೋಳ ಮೊದಲು ಜೇವರ್ಗಿ ತಾಲ್ಲೂಕು, ಈಗ ಯಡ್ರಾಮಿ. ಪದಗಳಿಗೆ ಆ ಗಡಿ ಗೊತ್ತಿಲ್ಲ. ಒಂದೇ ಪದವನ್ನು ಭೀಮೆಯ ಆಚೆ ಒಂದು ಧಾಟಿಯಲ್ಲಿ, ಈಚೆ ಇನ್ನೊಂದರಲ್ಲಿ ಹಾಡುತ್ತಾರೆ. ಒಂದು ಕಡೆ ಏಕತಾರಿ, ದಮ್ಮಡಿ, ಇನ್ನೊಂದು ಕಡೆ ಹಾರ್ಮೋನಿಯಂ, ತಬಲಾ. ನಕಲು ಹುಡುಕುವ ತಂತ್ರಾಂಶಕ್ಕೆ ಹೆಸರು ಒಂದೇ, ಕವಿಯೂ ಒಬ್ಬರೇ ಎಂದಷ್ಟೇ ಕಂಡರೆ ‘ಇದು ನಕಲು, ಅಳಿಸಲೇ?’ ಎಂದು ಕೇಳುತ್ತದೆ. ಹೂಂ ಎಂದರೆ ಮುಗಿಯಿತು, ಒಂದು ಊರೇ ಹೋಯಿತು. ನಕಲು ಹುಡುಕಿ ತೆಗೆಯುವ ಆ ಗುಂಡಿಯನ್ನು ಭಜನೆಯ ಸಂಗ್ರಹದ ಮೇಲೆ ಒತ್ತಲೇಬಾರದು ಎಂಬುದು ನನ್ನ ಹಟ.

ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಸಂಗ್ರಹದ ಪಾಡು ಇನ್ನೂ ಕಷ್ಟ. ಇಳಿಸುವಾಗ ಯಾರೂ ಹೆಸರು ಬರೆದಿರುವುದಿಲ್ಲ; ‘ಟ್ರ್ಯಾಕ್ 01’, ‘ಟ್ರ್ಯಾಕ್ 02’, ಅಷ್ಟೆ. ಸಿಂಕ್ ಮಾಡುವ ತಂತ್ರಾಂಶ ಕಡತದೊಳಗಿನ ಟ್ಯಾಗ್ ನೋಡಿ ದಾರಿ ಕಟ್ಟುತ್ತದೆ: ಕಲಾವಿದನ ಫೋಲ್ಡರು, ಅದರೊಳಗೆ ಆಲ್ಬಂ, ಅದರೊಳಗೆ ಹಾಡು. ಕಲಾವಿದ, ಆಲ್ಬಂ ಎರಡೂ ಖಾನೆ ಖಾಲಿ ಇದ್ದರೆ ಎಲ್ಲ ಕ್ಯಾಸೆಟ್ಟಿನ ಮೊದಲ ಹಾಡುಗಳೂ ‘ಅನಾಮಿಕ ಕಲಾವಿದ’ನ ಒಂದೇ ಫೋಲ್ಡರಿಗೆ ‘ಟ್ರ್ಯಾಕ್ 01’ ಆಗಿಯೇ ಹೋಗಿ ಬೀಳುತ್ತವೆ. ಕೆಲವು ತಂತ್ರಾಂಶ ಹಳೆಯದರ ಮೇಲೆ ಹೊಸದನ್ನು ಬರೆಯುತ್ತವೆ, ಕೆಲವು ಹೊಸದನ್ನು ಬಿಟ್ಟುಬಿಡುತ್ತವೆ. ಮುನ್ನೂರು ನೂರಾಗುವುದು ಹೀಗೆ.

ಇದಕ್ಕೆ ನಾನು ಇಟ್ಟುಕೊಂಡಿರುವ ಕ್ರಮ ಹೇಳಿಬಿಡುತ್ತೇನೆ. ಪದಕಾರರ ಹೆಸರು ‘ಕಂಪೋಸರ್’ ಖಾನೆಗೆ, ಮಂಡಳಿಯ ಹೆಸರು ‘ಆರ್ಟಿಸ್ಟ್’ ಖಾನೆಗೆ, ಊರು ಮತ್ತು ಸಂದರ್ಭ (ಶ್ರಾವಣದ ಭಜನೆಯೋ, ಅಮಾವಾಸ್ಯೆಯದೋ, ಜಾತ್ರೆಯದೋ) ‘ಆಲ್ಬಂ’ ಖಾನೆಗೆ. ಪದಕಾರರು ಯಾರೆಂದು ತಿಳಿಯಲು ಕೊನೆಯ ನುಡಿಯ ಅಂಕಿತದವರೆಗೆ ಕಾಯಬೇಕು. ಮಡಿವಾಳಪ್ಪನವರ ಶಿಷ್ಯರಾದ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಇವರ ಪದಗಳನ್ನೆಲ್ಲ ಗುರುವಿನ ಲೆಕ್ಕಕ್ಕೇ ಬರೆದ ಕಾರ್ಡುಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಅನುಮಾನ ಬಂದಲ್ಲಿ ಅಚ್ಚಾದ ತತ್ವಪದ ಸಂಪುಟಗಳನ್ನು ತೆರೆದು ನೋಡುವುದೇ ಸರಿ.

ಇನ್ನು ಲಿಪಿಯ ಗೋಳು. ಎಂಪಿ3ಯ ಮೊದಲ ಟ್ಯಾಗ್ ಪದ್ಧತಿ, ಐಡಿ3ಯ ಒಂದನೇ ಆವೃತ್ತಿ, 1996ರದು. ಅದರಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ ಜಾಗ. ಇಂಗ್ಲಿಷಿಗೆ ಅದು 30 ಅಕ್ಷರ. ಯೂನಿಕೋಡ್ ಕನ್ನಡವನ್ನು ಯುಟಿಎಫ್-8ರಲ್ಲಿ ಬರೆದರೆ ವ್ಯಂಜನಕ್ಕೆ ಮೂರು ಬೈಟ್, ಕಾಗುಣಿತದ ಚಿಹ್ನೆಗೆ ಮೂರು, ಒತ್ತಕ್ಷರ ಬಂದರೆ ಹಲಂತಕ್ಕೆ ಇನ್ನೂ ಮೂರು. ‘ಮಡಿವಾಳಪ್ಪ’ ಎಂಬಷ್ಟಕ್ಕೇ 27 ಖರ್ಚು. ಮುಂದೆ ‘ಕಡಕೋಳ’, ನಡುವೆ ಒಂದು ಖಾಲಿ ಜಾಗ ಸೇರಿಸಿದರೆ 43. ಹೀಗಾಗಿ ಹೆಸರು ನಡುವೆ ಕತ್ತರಿಸಿ ಹೋಗಿ, ಪರದೆಯ ಮೇಲೆ ಚೌಕಗಳು ಸಾಲಾಗಿ ಕೂರುತ್ತವೆ. ಆಮೇಲಿನ 2.3 ಆವೃತ್ತಿ ಯುಟಿಎಫ್-16 ಒಪ್ಪುತ್ತದೆ, 2000ದಲ್ಲಿ ಬಂದ 2.4 ಯುಟಿಎಫ್-8ನ್ನೂ ಒಪ್ಪುತ್ತದೆ. ಅಗ್ಗದ ಪ್ಲೇಯರುಗಳಲ್ಲಿ 2.4 ಓದಲಾರದವು ಇವೆ. ಅದಕ್ಕೇ 2.3, ಯುಟಿಎಫ್-16 ಎಂದು ಆರಿಸಿ ಉಳಿಸುವುದು ಕ್ಷೇಮ. ಎಂಪಿ3ಟ್ಯಾಗ್‌ನಂಥ ತಂತ್ರಾಂಶದಲ್ಲಿ ಇದು ಒಂದು ಗುಂಡಿಯ ಕೆಲಸ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಹೆಸರುಗಳನ್ನು ಮಾತ್ರ ಮೊದಲು ಯೂನಿಕೋಡಿಗೆ ತಿರುಗಿಸಬೇಕು.

ಕನ್ನಡ ಫಾಂಟೇ ಇಲ್ಲದ ಡಬ್ಬಿಗೆ ಯಾವ ಟ್ಯಾಗೂ ಉಪಯೋಗವಿಲ್ಲ. ಅಂಥದಕ್ಕೆ ಕಳಿಸುವ ಪ್ರತಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದರೆ ತಪ್ಪೇನಿಲ್ಲ. ಮನೆಯ ಮೂಲಸಂಗ್ರಹದಲ್ಲಿ ಕನ್ನಡವೇ ಇರಲಿ. ಕಳಿಸುವ ಪ್ರತಿಗೆ ಇಂಗ್ಲಿಷ್ ಅಕ್ಷರ ಎಂಬ ಈ ಉಪಾಯ ನಮ್ಮ ಸೀಮೆಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗಾಣಗಾಪುರದ ದತ್ತನ ಹಾಡುಗಳು ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಕವ್ವಾಲಿಗಳ ಹೆಸರು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ. ಒಂದೇ ಕಾರ್ಡಿನಲ್ಲಿ ಮೂರು ಲಿಪಿ ತುಂಬಿ ಡಬ್ಬಿಯನ್ನು ಬೈದು ಪ್ರಯೋಜನವಿಲ್ಲ.

‘ಕಡಕೋಳ’ದ ಬಗ್ಗೆ ಇನ್ನೊಂದು ಸೂಕ್ಷ್ಮವಿದೆ, ಕುತೂಹಲ ಇದ್ದವರಿಗೆ. ಅದರಲ್ಲಿನ ‘ಕೋ’ದ ಓತ್ವವನ್ನು ಕಂಪ್ಯೂಟರು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ತುಂಡಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳು ಕಡತದ ಹೆಸರನ್ನು ಬಿಡಿಸಿ ಇಡುತ್ತಿದ್ದವು, ವಿಂಡೋಸ್ ಇದ್ದಂತೆಯೇ ಇಡುತ್ತದೆ. ಸೋದರಳಿಯನ ಮ್ಯಾಕ್‌ನಿಂದ ಒಮ್ಮೆ, ನಿಮ್ಮ ಲ್ಯಾಪ್‌ಟಾಪ್‌ನಿಂದ ಒಮ್ಮೆ ಸಿಂಕ್ ಮಾಡಿದಿರೋ, ಕಾರ್ಡಿನಲ್ಲಿ ಎರಡು ಕಡಕೋಳ ಹುಟ್ಟಬಹುದು. ‘ತತ್ವ’, ‘ತತ್ತ್ವ’ ಎಂದು ಎರಡು ಬಗೆಯಾಗಿ ಬರೆದು ಸಂಗ್ರಹವನ್ನು ಇಬ್ಭಾಗ ಮಾಡಿಕೊಂಡವರೂ ಇದ್ದಾರೆ.

ಪತ್ತೆಯೇ ಇಲ್ಲದ ಪದಗಳ ಕಥೆ ಬೇರೆ. ತತ್ವಪದಗಳ ಮೊದಲ ಸಾಲು ಎಷ್ಟೋ ಸಲ ಪ್ರಶ್ನೆಯೇ ಆಗಿರುತ್ತದೆ. ಅದನ್ನೇ ಕಡತದ ಹೆಸರು ಮಾಡಿ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ, ಕಾರ್ಡಿನ ಫ್ಯಾಟ್32 ವ್ಯವಸ್ಥೆ ಆ ಚಿಹ್ನೆಯನ್ನು ಒಪ್ಪುವುದಿಲ್ಲ. ವಿವರಣಚಿಹ್ನೆ, ನಕ್ಷತ್ರವೂ ಅದಕ್ಕೆ ಸಲ್ಲವು. ಸಿಂಕ್ ತಂತ್ರಾಂಶ ಒಂದೋ ಹೆಸರು ಬದಲಿಸುತ್ತದೆ, ಇಲ್ಲವೇ ಸದ್ದಿಲ್ಲದೆ ಮುಂದೆ ಹೋಗುತ್ತದೆ. ಪ್ರಶ್ನೆ ಟ್ಯಾಗಿನೊಳಗೆ ಇರಲಿ, ಕಡತದ ಹೆಸರಿನಲ್ಲಿ ಬೇಡ.

ಅದೇ ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ಸಿನಿಮಾ ಹಾಡಿನವರಿಗೆ ಇದು ತಟ್ಟುವುದೇ ಇಲ್ಲ. ರಾತ್ರಿ ಹತ್ತಕ್ಕೆ ಕುಳಿತು ನಸುಕಿನ ಐದಕ್ಕೆ ಏಳುವ ಭಜನೆಗೆ ತಟ್ಟುತ್ತದೆ: ಸಿಡಿ ಗುಣಮಟ್ಟದ ವೇವ್ ಕಡತ ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ, ಏಳನೆಯ ಗಂಟೆ ತುಂಬುವ ಮೊದಲೇ ಮಿತಿ ಮೀರುತ್ತದೆ. ಮಂಗಳಾರತಿಯ ಹೊತ್ತಿಗೆ ಕಾಪಿ ನಿಂತಿತೆಂದು ಕಾರ್ಡು ಬದಲಿಸಿ ಫಲವಿಲ್ಲ. ಪದಪದವಾಗಿ ಕತ್ತರಿಸಿ, 128 ಕೆಬಿಪಿಎಸ್‌ನ ಎಂಪಿ3 ಮಾಡಿದರೆ ಇಡೀ ರಾತ್ರಿ ಸುಮಾರು 400 ಎಂಬಿಯಲ್ಲಿ ಕೂರುತ್ತದೆ. ಏಕತಾರಿ, ತಾಳಕ್ಕೆ ಅಷ್ಟು ಸಾಲದೆನ್ನುವವರು 192 ಮಾಡಿಕೊಳ್ಳಲಿ; ಡಬ್ಬಿಯ ಸ್ಪೀಕರಿನಲ್ಲಿ ವ್ಯತ್ಯಾಸ ಕೇಳಿಸುತ್ತದೆ ಎಂದರೆ ನಾನಂತೂ ನಂಬುವುದಿಲ್ಲ.

ಕತ್ತರಿಸಿದ ಮೇಲೆ ಕ್ರಮದ ತಕರಾರು ಏಳುತ್ತದೆ: ಮಂಗಳ ಮೊದಲು, ಗಣಪತಿಯ ಸ್ತುತಿ ನಡುವೆ. ಇಂಥ ಪ್ಲೇಯರುಗಳಲ್ಲಿ ಹಲವು ಅಕಾರಾದಿ ನೋಡುವುದಿಲ್ಲ, ಕಾರ್ಡಿಗೆ ಬರೆದ ಸರದಿಯಲ್ಲೇ ಹಾಡುತ್ತವೆ. ಹೆಸರಿನ ಮುಂದೆ 01, 02 ಎಂದು ಹಾಕಿ, ಖಾಲಿ ಕಾರ್ಡಿಗೆ ಅದೇ ಸರದಿಯಲ್ಲಿ ಕಾಪಿ ಮಾಡಿದರೆ ಸಾಕು. ಫ್ಯಾಟ್‌ಸಾರ್ಟ್ ಎಂಬ ಸಣ್ಣ ಸಾಧನ ಆಮೇಲೆಯೂ ಜೋಡಿಸಿ ಕೊಡುತ್ತದೆ.

ಇಷ್ಟೆಲ್ಲ ಆದರೂ ಹಾಡು ಅರ್ಧಕ್ಕೇ ಕೆಟ್ಟ ಸದ್ದು ಮಾಡಿದರೆ ಆಗ ಕಾರ್ಡನ್ನು ಅನುಮಾನಿಸಿ. 64 ಜಿಬಿ ಎಂದು ಅಚ್ಚು ಹಾಕಿ ಒಳಗೆ ಎಂಟೇ ಇರುವ ಖೋಟಾ ಕಾರ್ಡುಗಳು ಸಂತೆಯಲ್ಲೂ ಸಿಗುತ್ತವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶ ಕಾರ್ಡನ್ನು ಪೂರ್ತಿ ಬರೆದು ಓದಿ ಬಣ್ಣ ಬಯಲು ಮಾಡುತ್ತದೆ. ಚಾರ್ಜಿಗೆ ಮಾತ್ರ ಬರುವ ಕೇಬಲ್ಲು, ಇಜೆಕ್ಟ್ ಮಾಡದೆ ಕಿತ್ತ ಪೆನ್‌ಡ್ರೈವು, ಇವು ಎಲ್ಲರಿಗೂ ಗೊತ್ತಿದ್ದದ್ದೇ.

ಸಿಂಕ್ ಯಾವಾಗಲೂ ಒಮ್ಮುಖವಾಗಿರಲಿ, ಮನೆಯಿಂದ ಕಾರ್ಡಿಗೆ. ಎರಡೂ ಕಡೆಯ ಸಿಂಕ್ ಇಟ್ಟರೆ, ಜಾಗ ಸಾಲದೆಂದು ಟ್ರ್ಯಾಕ್ಟರಿನಲ್ಲಿ ಯಾರೋ ಅಳಿಸಿದ ಪದ ಮುಂದಿನ ಸಲ ಮನೆಯ ಕಂಪ್ಯೂಟರಿನಿಂದಲೂ ಅಳಿಯುತ್ತದೆ. ಸಿನಿಮಾ ಹಾಡಾದರೆ ಇನ್ನೊಂದು ಕಡೆ ಸಿಕ್ಕೀತು. ಹಳ್ಳಿಯ ಮಂಡಳಿಯೊಂದು ಒಂದೇ ರಾತ್ರಿ ಹಾಡಿದ್ದಕ್ಕೆ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ. ಆದ್ದರಿಂದ ವೇವ್ ಮೂಲವನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಮನೆಯಲ್ಲಿ ಇಡಿ, ಕ್ಯಾಸೆಟ್ಟನ್ನೂ ಎಸೆಯಬೇಡಿ.